ಫ್ಲೈ ಕಟ್ಟಲು ಕಲಿಯಬೇಕು, ಯಾವ ಪುಸ್ತಕದಿಂದ ಶುರು ಮಾಡಲಿ?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ನಾನು ಹಾಸನದವನು, ಈಗ ಡೆನ್ವರ್‌ನಲ್ಲಿದ್ದೇನೆ. ಎರಡು ವರ್ಷದಿಂದ ಸೌತ್ ಪ್ಲ್ಯಾಟ್ ನದಿಯಲ್ಲಿ ಟ್ರೌಟ್ ಹಿಡಿದು ಬಿಡುತ್ತಿದ್ದೇನೆ. ಇಷ್ಟು ದಿನ ಫ್ಲೈಗಳನ್ನು ಅಂಗಡಿಯಿಂದಲೇ ತರುತ್ತಿದ್ದೆ. ಗೊತ್ತಿಲ್ಲದವರಿಗೆ ಹೇಳುವುದಾದರೆ, ಗಾಳಕ್ಕೆ ದಾರ, ಗರಿ, ಕೂದಲು ಸುತ್ತಿ ಹುಳದ ಹಾಗೆ ಮಾಡಿರುತ್ತಾರಲ್ಲ, ಅದು ಫ್ಲೈ. ಈ ಚಳಿಗಾಲದಲ್ಲಿ ನಾನೇ ಕಟ್ಟಬೇಕು ಅಂತ ಆಸೆ. ಗಾಳ ಕಚ್ಚಿ ಹಿಡಿಯುವ ವೈಸ್, ದಾರದ ಉರುಳೆ ಹಿಡಿಯುವ ಬಾಬಿನ್, ಕತ್ತರಿ ಎಲ್ಲಾ ಬಂದಿವೆ. ಪುಸ್ತಕ ಹುಡುಕಿದರೆ ತಲೆ ತಿರುಗುತ್ತದೆ. ಒಂದರಲ್ಲಿ ಸಾವಿರ ಫ್ಲೈ ಇದೆಯಂತೆ, ಅದನ್ನೇ ತಗೊಳ್ಳಲಾ? ಇಲ್ಲ, ವಿಡಿಯೊ ಸಾಕಾ? ಫ್ಲೈ ಅಂಗಡಿಯಲ್ಲಿ ಕ್ಲಾಸ್ ತೆಗೆದುಕೊಳ್ಳುವ ಅಕ್ಕ ಈ ಗುಂಪಿನಲ್ಲಿದ್ದಾರೆ ಅಂತ ಕೇಳಿದೆ. ದಯವಿಟ್ಟು ಹೇಳಿ ಅಕ್ಕ.

ಉತ್ತರ:
ಸಾವಿರ ಫ್ಲೈ ಇರುವ ಪುಸ್ತಕ ಈಗ ಬೇಡ. ನಾನು ಮೊದಲು ಕೊಂಡಿದ್ದು ಅಂಥದ್ದೇ. ಪುಟಕ್ಕೆ ನಾಲ್ಕು ಫ್ಲೈ, ಚೆಂದದ ಫೋಟೊ, ಕೆಳಗೆ ಸಾಮಾನಿನ ಪಟ್ಟಿ. ಒಂದು ಇಡೀ ಚಳಿಗಾಲ ಅದನ್ನು ಇಟ್ಟುಕೊಂಡು ಕೂತರೂ ಒಂದು ಫ್ಲೈ ನೆಟ್ಟಗೆ ಬರಲಿಲ್ಲ.

ಅಡುಗೆ ಬಲ್ಲವರಿಗೆ "ಪಾಕ ಹದಕ್ಕೆ ಬಂದಾಗ ಹಿಟ್ಟು ಹಾಕಿ" ಅಂದರೆ ಸಾಕು. ಮೊದಲ ಸಲ ಮೈಸೂರು ಪಾಕ್ ಮಾಡುವವರಿಗೆ ಒಂದೆಳೆ ಪಾಕ ಬೆರಳ ಮಧ್ಯೆ ಹೇಗೆ ಕಾಣುತ್ತದೆ ಅಂತ ತೋರಿಸಬೇಕು. ಪಟ್ಟಿಯ ಪುಸ್ತಕಗಳು ಬಲ್ಲವರಿಗೆ. ನಿಮಗೆ ಬೇಕಾಗಿರುವುದು ಹದ ತೋರಿಸುವ ಪುಸ್ತಕ.

ಕೊಳ್ಳುವ ಮುಂಚೆ ಹೀಗೆ ನೋಡಿ. ಮೊದಲು ವಿಪ್ ಫಿನಿಶ್ ಪುಟ ತೆಗೆಯಿರಿ. ಕೊನೆಗೆ ದಾರವನ್ನು ಅದರ ಮೇಲೇ ನಾಲ್ಕೈದು ಸುತ್ತು ಸುತ್ತಿ ಬಿಗಿಯುವ ಗಂಟು ಅದು. ಒಂದೇ ಚಿತ್ರ ಕೊಟ್ಟು ಮುಂದೆ ಹೋಗಿದ್ದರೆ ಪುಸ್ತಕ ಕೆಳಗಿಡಿ. ಬೆರಳು ಎಲ್ಲಿದೆ, ದಾರ ಯಾವ ಕಡೆಯಿಂದ ಬರುತ್ತಿದೆ ಅಂತ ಆರೇಳು ಫೋಟೊದಲ್ಲಿ ತೋರಿಸಿರಬೇಕು. ಆಮೇಲೆ ಡಬ್ಬಿಂಗ್ ಪುಟ, ಅಂದರೆ ತುಪ್ಪಳವನ್ನು ದಾರಕ್ಕೆ ಹೊಸೆಯುವ ಕೆಲಸ. ಎಷ್ಟು ತುಪ್ಪಳ ಅಂತ ಕಣ್ಣಿಗೆ ಕಾಣುವ ಹಾಗೆ ಇದೆಯಾ? ಕಲಿಯುವವರು ಎಲ್ಲರೂ ಜಾಸ್ತಿ ತಗೊಳ್ಳುತ್ತಾರೆ. ನನ್ನ ಕ್ಲಾಸಿನಲ್ಲಿ ನಾನು ಹೇಳುವುದು, ಬೇಕು ಅನಿಸಿದ್ದರಲ್ಲಿ ಅರ್ಧ ತಗೊಳ್ಳಿ, ಅದರಲ್ಲೂ ಅರ್ಧ ವಾಪಸ್ ಇಡಿ. ಇದನ್ನೇ ಫೋಟೊದಲ್ಲಿ ತೋರಿಸಿದ ಪುಸ್ತಕ ಒಳ್ಳೆಯದು. ಒಟ್ಟು ಹದಿನೈದಿಪ್ಪತ್ತು ಫ್ಲೈ ಇದ್ದರೆ ಧಾರಾಳ. ಆದರೆ ಪ್ರತಿಯೊಂದೂ ಕೈಗೆ ಒಂದು ಹೊಸ ಕೆಲಸ ಕಲಿಸಬೇಕು.

ಹೆಸರು ಕೇಳಿದಿರಿ. ನೀವಿರುವ ಕಡೆಗೆ ಚಾರ್ಲಿ ಕ್ರೇವನ್ ಅವರ 'ಬೇಸಿಕ್ ಫ್ಲೈ ಟೈಯಿಂಗ್' ತಗೊಳ್ಳಿ. 2008ರ ಪುಸ್ತಕ. ಡೆನ್ವರ್ ಪಕ್ಕದ ಅರ್ವಾಡಾದಲ್ಲಿ ಫ್ಲೈ ಅಂಗಡಿ ನಡೆಸಿದವರು, ನಿಮ್ಮ ನದಿಗಳನ್ನು ಬಲ್ಲವರು. ಫೋಟೊಗಳು ತೀರಾ ಹತ್ತಿರದಿಂದ ತೆಗೆದವು, ದಾರದ ಒಂದೊಂದು ಸುತ್ತೂ ಕಾಣುತ್ತದೆ. ಅದು ಸಿಗದಿದ್ದರೆ ಸ್ಕಿಪ್ ಮಾರಿಸ್ ಅವರ 'ಫ್ಲೈ ಟೈಯಿಂಗ್ ಮೇಡ್ ಕ್ಲಿಯರ್ ಅಂಡ್ ಸಿಂಪಲ್'. 1992ರದ್ದು, ಆದರೂ ನನಗೆ ಅದರ ಮೇಲೆ ತುಂಬಾ ಪ್ರೀತಿ. ಹೇಗೆ ಕಟ್ಟುವುದು ಅಂತ ಹೇಳಿ ನಿಲ್ಲಿಸುವುದಿಲ್ಲ, ಎಲ್ಲಿ ಕೆಡುತ್ತದೆ, ಕೆಟ್ಟರೆ ಏನು ಮಾಡಬೇಕು ಅಂತಲೂ ಹೇಳುತ್ತದೆ. ಸುರುಳಿ ತಂತಿಯ ಬೈಂಡಿಂಗ್ ಇರುವ ಪ್ರತಿಯನ್ನೇ ಹುಡುಕಿ. ಎರಡೂ ಕೈಗೆ ಕೆಲಸ ಇರುವಾಗ ಪುಸ್ತಕ ಮೇಜಿನ ಮೇಲೆ ತಾನಾಗಿ ತೆರೆದು ಮಲಗಬೇಕು.

ಕೊಳ್ಳುವ ಮುಂಚೆ ಲೈಬ್ರರಿಗೂ ಹೋಗಿ ಬನ್ನಿ. 688.79 ಮತ್ತು 799.12 ನಂಬರಿನ ಶೆಲ್ಫ್‌ಗಳಲ್ಲಿ ಇವು ಇರುತ್ತವೆ.

ವಿಡಿಯೊ ನೋಡಿ, ಬೇಡ ಅನ್ನುವುದಿಲ್ಲ. ಕೈ ಹೇಗೆ ಓಡುತ್ತದೆ ಅಂತ ಅದರಲ್ಲೇ ಗೊತ್ತಾಗುವುದು. ಆದರೆ ವಿಡಿಯೊದವರ ಕೈ ಪಳಗಿದ ಕೈ. ದಾರ ಎಷ್ಟು ಬಿಗಿ ಎಳೆದಿದ್ದಾರೆ ಅಂತ ನಿಮಗೆ ಕಾಣುವುದೇ ಇಲ್ಲ. ವಿಡಿಯೊ ಒಂದು ಸಲ ಪೂರ್ತಿ ನೋಡಿ, ಕಟ್ಟುವಾಗ ಪುಸ್ತಕ ಇಟ್ಟುಕೊಳ್ಳಿ.

ಪ್ರಶ್ನೆ:
ತುಂಬಾ ಥ್ಯಾಂಕ್ಸ್ ಅಕ್ಕ. ನಮ್ಮ ಸೌತ್ ಪ್ಲ್ಯಾಟ್‌ನ ಚೀಸ್‌ಮನ್ ಕ್ಯಾನ್ಯನ್‌ನಲ್ಲಿ 22ನೇ ನಂಬರಿನ ಮಿಡ್ಜ್, ಅಂದರೆ ಸೊಳ್ಳೆಯಂಥ ಪುಟ್ಟ ಹುಳದ ಫ್ಲೈ, ಇಲ್ಲದಿದ್ದರೆ ಮೀನು ತಿರುಗಿಯೂ ನೋಡುವುದಿಲ್ಲ. ಮಿಡ್ಜ್‌ಗಳದ್ದೇ ಒಂದು ಪುಸ್ತಕ ತಗೊಂಡರೆ?

ಉತ್ತರ:
ಮುಂದಿನ ವರ್ಷ ತಗೊಳ್ಳಿ. ನಂಬರ್ ದೊಡ್ಡದಾದಷ್ಟೂ ಗಾಳ ಚಿಕ್ಕದು ಅಲ್ವಾ, 22 ಅಂದರೆ ಅಕ್ಕಿಕಾಳಿನಷ್ಟು. ಅಲ್ಲಿ ತಪ್ಪಾದರೆ ತಪ್ಪು ಕಾಣುವುದೇ ಇಲ್ಲ. 8 ಅಥವಾ 10ನೇ ನಂಬರಿನ ಉದ್ದ ಗಾಳದಲ್ಲಿ ವೂಲಿ ಬಗರ್ ಕಟ್ಟಿ. 1967ರಲ್ಲಿ ಪೆನ್ಸಿಲ್ವೇನಿಯಾದ ರಸೆಲ್ ಬ್ಲೆಸಿಂಗ್ ಮಾಡಿದ ಫ್ಲೈ. ಬಾಲಕ್ಕೆ ಮರಬು ಗರಿ, ಮೈಗೆ ಶೆನಿಲ್ ಅನ್ನುವ ಜುಂಗು ದಾರ, ಮೇಲೆ ಕೋಳಿ ಗರಿಯ ಸುತ್ತು, ಅಷ್ಟೇ. ಮರಬು ಅಂದರೆ ಹಿಂದೆ ಕೊಕ್ಕರೆಯದ್ದು, ಈಗ ಟರ್ಕಿ ಕೋಳಿಯದ್ದು.

ಇನ್ನೊಂದು ವಿಷಯ. ಹಳೆಯ ಪುಸ್ತಕದಲ್ಲಿ ದಾರ 6/0, 8/0 ಅಂತ ಇರುತ್ತದೆ. ಒಂದೊಂದು ಕಂಪನಿಯ 6/0 ಒಂದೊಂದು ದಪ್ಪ. ದಾರದ ತೂಕದ ಅಳತೆಯಾದ ಡೆನಿಯರ್ ನಂಬರ್ ನೋಡಿ ತಗೊಳ್ಳಿ. ವೂಲಿ ಬಗರ್‌ಗೆ 140, ಸಣ್ಣವಕ್ಕೆ 70.

ಇನ್ನೊಬ್ಬ ಸದಸ್ಯೆ:
ಮಧ್ಯೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ನಾನು ಎಡಗೈಯವಳು. ಯಾವ ಪುಸ್ತಕದ ಫೋಟೊ ನೋಡಿದರೂ ಉಲ್ಟಾ ಅನಿಸುತ್ತದೆ.

ಉತ್ತರ:
ಹೌದು, ಎಲ್ಲದರಲ್ಲೂ ಗಾಳದ ಕಣ್ಣು, ಅಂದರೆ ದಾರ ಪೋಣಿಸುವ ತೂತು, ಬಲಕ್ಕೇ ಇರುತ್ತದೆ. ನೀವು ಎಡಕ್ಕೆ ಇಟ್ಟುಕೊಳ್ಳಿ. ಪುಟದ ಫೋಟೊ ಮೊಬೈಲಿನಲ್ಲಿ ತೆಗೆದು ಫ್ಲಿಪ್ ಮಾಡಿ, ಅದನ್ನು ಮುಂದಿಟ್ಟುಕೊಂಡು ಕಟ್ಟಿ. ನನ್ನ ಕ್ಲಾಸಿಗೆ ಬಂದ ಎಡಗೈಯವರೆಲ್ಲ ಹೀಗೇ ಕಲಿತದ್ದು.

ಇನ್ನೊಬ್ಬ ಸದಸ್ಯರು, ಸ್ಕಾಟ್ಲೆಂಡ್‌ನಿಂದ:
ಮೇಡಂ, ನನ್ನ ಹತ್ತಿರ ಜಾರ್ಜ್ ಕೆಲ್ಸನ್ ಅವರ 1895ರ 'ದಿ ಸ್ಯಾಮನ್ ಫ್ಲೈ' ಮರುಮುದ್ರಣ ಇದೆ. ನೋಡಲು ಎಷ್ಟು ಚೆಂದ! ಇದರಿಂದಲೇ ಕಲಿಯಬಹುದಾ?

ಉತ್ತರ:
ಇಟ್ಟುಕೊಂಡು ಓದಿ, ಅದು ಇತಿಹಾಸ. ಕಲಿಯಲು ಬೇಡ ಸರ್. ಅದರಲ್ಲಿ ಕೇಳುವ ಗರಿಗಳು ಲೋಕದ ಮೂಲೆಮೂಲೆಯ ಹಕ್ಕಿಗಳದ್ದು. ಎಷ್ಟೋ ಹಕ್ಕಿಗಳಿಗೆ ಈಗ ಕಾನೂನಿನ ರಕ್ಷಣೆ ಇದೆ. ಆ ಫ್ಲೈಗಳ ಪಕ್ಕದಲ್ಲಿ ಬಿಳಿ-ಹಳದಿ ಮೇಣದ ಹನಿಯಂತೆ ಹೊಳೆಯುವ ಒಂದು ಗರಿ ಇರುತ್ತದೆ, ನೋಡಿದ್ದೀರಾ? ಅದಕ್ಕೆ ಫ್ಲೈ ಕಟ್ಟುವವರು ಜಂಗಲ್ ಕಾಕ್ ಅನ್ನುತ್ತಾರೆ. ಅದು ನಮ್ಮ ಮಲೆನಾಡಿನ ಕಾಡುಕೋಳಿ ಹುಂಜದ ಕತ್ತಿನ ಗರಿ. ಬೆಳಿಗ್ಗೆ ಕಾಫಿ ತೋಟದಲ್ಲಿ ಕೂಗುತ್ತದಲ್ಲ, ಅದೇ ಹಕ್ಕಿ. ಈ ಗರಿಗಾಗಿ ಎಷ್ಟು ಹುಂಜಗಳ ಕತ್ತು ಹಡಗು ಹತ್ತಿ ಹೋದವೋ ಅಂತ ನೆನೆದರೆ ನನಗೆ ಸಂಕಟವಾಗುತ್ತದೆ. ಈಗ ಸಾಕಿದ ಹಕ್ಕಿಗಳ ಗರಿ ಸಿಗುತ್ತದೆ, ದುಬಾರಿ. ಈ ಹಳೇ ಫ್ಲೈಗಳ ಹುಚ್ಚಿನಿಂದಲೇ 2009ರಲ್ಲಿ ಇಂಗ್ಲೆಂಡಿನ ಟ್ರಿಂಗ್ ಮ್ಯೂಸಿಯಂನಲ್ಲಿ 299 ಹಕ್ಕಿ ಚರ್ಮಗಳ ಕಳ್ಳತನವಾಯಿತು. ಬದಲಿ ಗರಿ ಯಾವುದು ಅಂತ ಹೇಳುವ ಹೊಸ ಪುಸ್ತಕ ಹಿಡಿಯಿರಿ.

ಪ್ರಶ್ನೆ:
ಅಕ್ಕ, ಇದು ಓದಿ ನೆನಪಾಯಿತು. ನಮ್ಮ ತೋಟದಲ್ಲಿ ಉದುರಿದ ನವಿಲುಗರಿಗಳನ್ನು ಅಮ್ಮ ಎತ್ತಿಟ್ಟಿದ್ದಾರೆ. ಪುಸ್ತಕದಲ್ಲೂ ಪೀಕಾಕ್ ಹರ್ಲ್, ಅಂದರೆ ನವಿಲುಗರಿಯ ಎಳೆ, ಅಂತ ಎಲ್ಲಾ ಕಡೆ ಬರುತ್ತದೆ. ಮುಂದಿನ ಸಲ ಬರುವಾಗ ತರಲಾ?

ಉತ್ತರ:
ತರಬೇಡಿ. ಉದುರಿದ ಗರಿಯಾದರೂ ಭಾರತದಿಂದ ಹೊರಗೆ ತರುವ ಹಾಗಿಲ್ಲ. ಅಲ್ಲಿಯ ಅಂಗಡಿಯಲ್ಲಿ ಒಂದು ಕಟ್ಟು ಕಡಿಮೆ ಬೆಲೆಗೇ ಸಿಗುತ್ತದೆ. ಅಮ್ಮನ ಗರಿಗಳು ದೇವರ ಮನೆಯಲ್ಲೇ ಇರಲಿ.

ಪ್ರಶ್ನೆ, ಎರಡು ವಾರದ ನಂತರ:
ಪುಸ್ತಕ ಬಂತು. ಮೊದಲ ವೂಲಿ ಬಗರ್ ಫೋಟೊ ಹಾಕಿದ್ದೇನೆ. ಗಾಳದ ಕಣ್ಣೊಳಗೆ ದಾರವೇ ಹೋಗುತ್ತಿಲ್ಲ. ಏನು ತಪ್ಪಾಯಿತು?

ಉತ್ತರ:
ಭೇಷ್! ಶೆನಿಲ್ ಸುತ್ತು ಎಷ್ಟು ಒಂದೇ ಸಮ ಬಂದಿದೆ ನೋಡಿ. ಮೈಯನ್ನು ಕಣ್ಣಿನ ತನಕ ತಂದುಬಿಟ್ಟಿದ್ದೀರಿ, ತಲೆ ಕಟ್ಟಲು ಜಾಗ ಉಳಿದಿಲ್ಲ. ಕಣ್ಣು ಎಷ್ಟು ಉದ್ದವಿದೆಯೋ ಅದರ ಎರಡರಷ್ಟು ಜಾಗ ಹಿಂದೆ ಬಿಟ್ಟು ಶೆನಿಲ್ ನಿಲ್ಲಿಸಿ. ಬಾಲವೂ ಉದ್ದವಾಯಿತು. ಗಾಳದ ಕಡ್ಡಿಯಷ್ಟೇ ಇರಲಿ, ಇಲ್ಲದಿದ್ದರೆ ಮೀನು ಬಾಲ ಕಚ್ಚಿ ಬಿಟ್ಟು ಹೋಗುತ್ತದೆ. ಜಾಸ್ತಿ ಇದ್ದದ್ದನ್ನು ಕತ್ತರಿಯಿಂದ ಕತ್ತರಿಸಬೇಡಿ, ಉಗುರಿನಿಂದ ಚಿವುಟಿ, ತುದಿ ಮೆತ್ತಗೆ ಉಳಿಯುತ್ತದೆ. ಇದನ್ನು ಬ್ಲೇಡಿನಿಂದ ಬಿಚ್ಚಿ ಅದೇ ಗಾಳಕ್ಕೆ ಮತ್ತೆ ಕಟ್ಟಿ. ಬೇರೆ ಫ್ಲೈಗೆ ಹೋಗದೆ ಇದನ್ನೇ ಆರು ಕಟ್ಟಿ, ಆರನೆಯದರ ಫೋಟೊ ಹಾಕಿ.