ನೆರೆ ಬಂದಾಗ ಊರಿಗೆ ಊಟ ಹಾಕಿದವರು ತಮ್ಮ ಅನುಭವ ತಿಳಿಸಿ

ಕೇಳಿದವರು: ಅಫಜಲಪುರ ತಾಲ್ಲೂಕಿನ ಭೀಮಾ ದಂಡೆಯ ಹಳ್ಳಿಯವರು

ಎಲ್ಲರಿಗೂ ಶರಣು. ಭೀಮಾ ತುಂಬಿ ಬಂದಾಗಲೆಲ್ಲ ನಮ್ಮೂರಿನ ಕೆಳಗೇರಿಯ ಸುಮಾರು ಇನ್ನೂರು ಜನ ದಿಬ್ಬದ ಮೇಲಿನ ಶಾಲೆಯಲ್ಲಿ ಆಶ್ರಯ ಪಡೆಯಬೇಕಾಗುತ್ತದೆ. ಮುಂದಿನ ಸಲ ಅವರ ಊಟದ ಹೊಣೆ ಹೊರಬೇಕೆಂದು ನಾವು ಹನ್ನೆರಡು ಗೆಳೆಯರು ನಿಶ್ಚಯಿಸಿದ್ದೇವೆ. ಏನು ಮಾಡಬೇಕು, ಏನು ಮಾಡಬಾರದು ಎಂಬುದನ್ನು ಹಿಂದೆ ಇಂಥ ಕೆಲಸ ಮಾಡಿದವರು ದಯವಿಟ್ಟು ಬರೆಯಿರಿ.

ಜೇವರ್ಗಿ ತಾಲ್ಲೂಕಿನ ಶಿಕ್ಷಕಿಯೊಬ್ಬರು:

ತಮ್ಮಂದಿರೇ, 2020ರ ಅಕ್ಟೋಬರಿನಲ್ಲಿ ಭೀಮಾ ಉಕ್ಕಿ ಹರಿದಾಗ ನಾನು ಪಾಠ ಹೇಳುತ್ತಿದ್ದ ಶಾಲೆಯೇ ಕಾಳಜಿ ಕೇಂದ್ರವಾಗಿತ್ತು. ಮೊದಲೆರಡು ದಿನ ನಾವು ಮಾಡಿದ್ದೆಲ್ಲ ತಪ್ಪೇ. ಬಿಸಿಬಿಸಿ ಚಿತ್ರಾನ್ನವನ್ನು ಪ್ಲಾಸ್ಟಿಕ್ ಚೀಲಗಳಿಗೆ ತುಂಬಿ ಬಾಯಿ ಕಟ್ಟಿಸಿದ್ದರಿಂದ ಅದು ಒಳಗೇ ಬೆವರಿ, ಟ್ರ್ಯಾಕ್ಟರು ಸುತ್ತು ಹಾದಿ ಹಿಡಿದು ಬರುವಷ್ಟರಲ್ಲಿ ಹಳಸಿ ಹೋಗಿತ್ತು. ಆ ವರ್ಷ ನವರಾತ್ರಿ ಅಕ್ಟೋಬರ್ 17ಕ್ಕೆ ಆರಂಭವಾಗಿತ್ತು. ಎಷ್ಟೋ ಹೆಂಗಸರು ಉಪವಾಸ ಹಿಡಿದಿದ್ದರು. ಅವರು ಹಸಿವಿಲ್ಲವೆಂದು ಹೇಳಿ ಪೊಟ್ಟಣಗಳನ್ನು ಮಕ್ಕಳಿಗೆ ದಾಟಿಸುತ್ತಿದ್ದರೇ ಹೊರತು ಕಾರಣವನ್ನು ಬಾಯಿ ಬಿಟ್ಟು ಹೇಳಲಿಲ್ಲ, ನಾವೂ ಕೇಳಲಿಲ್ಲ. ಮೊದಲೇ ಕೇಳಿದ್ದರೆ ಸಾಬುದಾನಿ, ಶೇಂಗಾ, ಬಾಳೆಹಣ್ಣುಗಳನ್ನು ತರಿಸುವುದು ಕಷ್ಟವಾಗುತ್ತಿರಲಿಲ್ಲ.

ಮೂರನೆಯ ದಿನ ಹಿರಿಯ ಅವ್ವ ಒಬ್ಬರು ನನ್ನ ಕೈ ಹಿಡಿದು, "ಯವ್ವಾ, ನಿಮ್ಮ ಅನ್ನ ಉಂಡ್ರ ಹೊಟ್ಟಿ ತುಂಬ್ತದ ಖರೆ, ಆದ್ರ ಉಂಡಂಗ ಆಗಲ್ಲ. ಹಿಟ್ಟು ಕೊಡ್ರಿ, ನಾವೇ ರೊಟ್ಟಿ ಬಡೀತೀವಿ" ಎಂದರು. ಅಂದು ಮಧ್ಯಾಹ್ನವೇ ಜೋಳದ ಹಿಟ್ಟು, ಪರಾತ, ಹಂಚು, ಒಣ ಕಟ್ಟಿಗೆ ತರಿಸಿ, ಶಾಲೆಯ ಹಿಂದಿನ ಪಡಸಾಲೆಯಲ್ಲಿ ಮೂರು ಒಲೆ ಹೂಡಿದೆವು. ಮನೆ ಬಿದ್ದ ದಿನದಿಂದ ಗೋಡೆಯ ಮೂಲೆ ಬಿಟ್ಟು ಏಳದಿದ್ದ ಒಬ್ಬಾಕೆ ಬಹಳ ಹೊತ್ತು ನೋಡುತ್ತ ಕುಳಿತಿದ್ದಳು. ಪಕ್ಕದವಳ ರೊಟ್ಟಿಯ ಅಂಚು ಪದೇ ಪದೇ ಸೀಳುತ್ತಿರುವುದನ್ನು ಕಂಡು, ನೀರು ಇನ್ನೂ ಕಾಯಬೇಕಿತ್ತು ಎಂದು ಮೆಲ್ಲಗೆ ಹೇಳಿ, ಪರಾತವನ್ನು ತನ್ನ ಮುಂದಕ್ಕೆ ಎಳೆದುಕೊಂಡಳು. ಆ ಸಂಜೆ ಆಕೆಯೇ ಎಲ್ಲರಿಗಿಂತ ಹೆಚ್ಚು ರೊಟ್ಟಿ ಬಡಿದಳು. ಒಲೆಯ ಮುಂದೆಯೇ ಮೊದಲ ಸಲ ತನ್ನ ಮನೆಯ ಗೋಡೆ ಹೇಗೆ ಕುಸಿಯಿತೆಂಬುದನ್ನೂ ಹೇಳಿಕೊಂಡಳು. ಅದಕ್ಕಾಗಿಯೇ ನನ್ನ ಮೊದಲ ಮಾತು ಇದು: ನೀವು ಸಾಮಾನು ಹೊಂದಿಸಿ ಕೊಡಿ, ಒಲೆಯನ್ನು ಅವರ ಕೈಗೆ ಬಿಡಿ. ಬಯಸದವರನ್ನು ಮಾತ್ರ ಒತ್ತಾಯಿಸಬೇಡಿ. ಕೆಲವರಿಗೆ ಆ ದಿನಗಳಲ್ಲಿ ಸುಮ್ಮನೆ ಕುಳಿತುಕೊಳ್ಳುವುದೇ ಬೇಕಾಗಿರುತ್ತದೆ.

ಮಹಾರಾಷ್ಟ್ರದ ಉಜನಿ ಜಲಾಶಯದಿಂದ ನೀರು ಬಿಟ್ಟ ಸುದ್ದಿ ಬಂದ ಮೇಲೆ ಆ ನೀರು ನಿಮ್ಮ ತಾಲ್ಲೂಕಿನ ಸೊನ್ನ ಬ್ಯಾರೇಜಿನವರೆಗೆ ಬರಲು ಸಮಯ ಹಿಡಿಯುತ್ತದೆ. ಅಷ್ಟರಲ್ಲಿ ನೀರು ಮುಟ್ಟದ ಊರುಗಳ ಮನೆಮನೆಗೆ ಹೇಳಿ ಖಡಕ್ ರೊಟ್ಟಿ ಮಾಡಿಸಿಡಿ. ಪೂರ್ತಿ ಒಣಗಿ ಆರಿದ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ಬಿಸಿ ಇರುವಾಗಲೇ ಕಟ್ಟಿದರೆ ಬೂಸ್ಟು ಹಿಡಿಯುತ್ತದೆ. ಒಂದು ಕಿಲೋ ಹಿಟ್ಟಿಗೆ ಸುಮಾರು ಹನ್ನೆರಡು ರೊಟ್ಟಿಯ ಲೆಕ್ಕವಿಟ್ಟುಕೊಳ್ಳಿ. ಜೊತೆಗೆ ಶೇಂಗಾ ಹಿಂಡಿ (ಚಟ್ನಿಪುಡಿ) ಇದ್ದರೆ ಮೊದಲ ಎರಡು ದಿನ ಬೆಂಕಿಯಿಲ್ಲದೆಯೂ ಊಟ ನಡೆಯುತ್ತದೆ. ತೊಗರಿ ಬೇಳೆಯ ಚಿಂತೆ ನಿಮಗಿರಲಾರದು. ನಮ್ಮ ಜಿಲ್ಲೆಯಲ್ಲಿ ಕೇಳಿದ ಮನೆಯವರೆಲ್ಲ ಮೊದಲು ಕೊಡುವುದು ಅದನ್ನೇ. ಎಣ್ಣೆ, ಉಪ್ಪು, ಖಾರ ಮತ್ತು ಒಣ ಕಟ್ಟಿಗೆಯನ್ನು ಮಾತ್ರ ಯಾರೂ ನೆನಪಿಡುವುದಿಲ್ಲ.

ಬೀದರಿನ ಒಬ್ಬರು:

ಅಕ್ಕನವರು ಬರೆದುದನ್ನು ಒಪ್ಪುತ್ತೇನೆ. ನಾನು ಇಲ್ಲಿನ ನಾನಕ್ ಝೀರಾ ಗುರುದ್ವಾರದ ಲಂಗರಿನಲ್ಲಿ, ಅಂದರೆ ಎಲ್ಲರಿಗೂ ಉಚಿತವಾಗಿ ಊಟ ಹಾಕುವ ಅಡುಗೆಮನೆಯಲ್ಲಿ, ಆಗಾಗ ಪಾತ್ರೆ ತೊಳೆಯಲು ಹೋಗುತ್ತೇನೆ. ಅಲ್ಲಿ ಉಣ್ಣಲು ಬಂದವರನ್ನು ನೀವು ಯಾರು, ಎಲ್ಲಿಯವರು ಎಂದು ಯಾರೂ ಕೇಳುವುದಿಲ್ಲ. ಎಲ್ಲರೂ ನೆಲದ ಮೇಲೆ ಒಂದೇ ಸಾಲಿನಲ್ಲಿ ಕುಳಿತು ಉಣ್ಣುತ್ತಾರೆ, ಉಂಡವರೇ ಎದ್ದು ರೊಟ್ಟಿ ಲಟ್ಟಿಸಲು ಕುಳಿತರೂ ಯಾರೂ ತಡೆಯುವುದಿಲ್ಲ. ಕಲಬುರಗಿಯ ಶರಣಬಸವೇಶ್ವರರನ್ನು ಮಹಾದಾಸೋಹಿ ಎಂದು ಕರೆಯುವ ನಮ್ಮ ಸೀಮೆಗೆ ಇದು ಹೊಸದಲ್ಲ. ಆದರೂ ನೆರೆ ಪರಿಹಾರಕ್ಕೆಂದು ಹೋಗಿದ್ದ ಒಂದು ಊರಿನಲ್ಲಿ, ಇಂಥವರು ಮಾಡಿದ ಅಡುಗೆಯನ್ನು ನಾವು ಉಣ್ಣುವುದಿಲ್ಲವೆಂದು ಕೆಲವರು ಎದ್ದು ಹೋದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಂದು ಅವರಿಗಾಗಿ ಬೇರೆ ಒಲೆ ಹೂಡಿಕೊಟ್ಟದ್ದು ನಾವು ಮಾಡಿದ ತಪ್ಪು. ಅಡುಗೆ ಮಾಡಿದ ಆ ತಾಯಂದಿರು ಎರಡನೆಯ ಒಲೆಯ ಹೊಗೆಯನ್ನು ನೋಡುತ್ತ ನಿಂತಿದ್ದುದು ನನಗೆ ಇಂದಿಗೂ ಮರೆಯಲಾಗಿಲ್ಲ. ಆದ್ದರಿಂದ ಒಲೆ ಹಚ್ಚುವ ಮೊದಲೇ ಊರಿನ ಹಿರಿಯರನ್ನು ಕೂಡಿಸಿ, ಎಲ್ಲ ಓಣಿಯವರೂ ಸರದಿಯಂತೆ ಅಡುಗೆ ಮಾಡುತ್ತಾರೆ, ಎಲ್ಲರೂ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಾರೆ ಎಂಬುದನ್ನು ಸ್ಪಷ್ಟವಾಗಿ ಹೇಳಿಬಿಡಿ. ಮೊದಲ ಪಂಕ್ತಿಯಲ್ಲಿ ಆ ಹಿರಿಯರೇ ಕುಳಿತರೆ ಅರ್ಧ ಕೆಲಸ ಆದಂತೆಯೇ.

ಯಾದಗಿರಿಯ ಆರೋಗ್ಯ ಕಾರ್ಯಕರ್ತೆಯೊಬ್ಬರು:

ಕುಡಿಯುವ ನೀರು, ಅಡುಗೆಯ ನೀರು, ಪಾತ್ರೆ ತೊಳೆಯುವ ನೀರು ಬೇರೆ ಬೇರೆ ಇರಲಿ. ನೆರೆಯ ನೀರು ಸೇರಿದ ಬಾವಿ, ಬೋರುಗಳ ನೀರನ್ನು ಕುದಿಸದೆ ಯಾರಿಗೂ ಕೊಡಬೇಡಿ. ಬೆಳಗಿನ ಅನ್ನವನ್ನು ರಾತ್ರಿಗೆ ಬಿಸಿ ಮಾಡಿ ಬಡಿಸಬೇಡಿ; ಬೆಚ್ಚಗೆ ಉಳಿದ ಅನ್ನದಲ್ಲಿ ಬೆಳೆಯುವ ವಿಷ ಮತ್ತೆ ಕಾಯಿಸಿದರೂ ಹೋಗುವುದಿಲ್ಲ. ಓಆರ್‌ಎಸ್ ಪೊಟ್ಟಣಗಳು ಅಡುಗೆ ಕೋಣೆಯಲ್ಲಿಯೇ ಇರಲಿ. ಸಕ್ಕರೆ ಕಾಯಿಲೆಯವರು, ಬಾಣಂತಿಯರು, ಹಲ್ಲಿಲ್ಲದ ಮುದುಕರು ಎಷ್ಟು ಜನರೆಂದು ಮೊದಲ ದಿನವೇ ಬರೆದುಕೊಳ್ಳಿ. ಖಡಕ್ ರೊಟ್ಟಿ ಕಡಿಯಲಾರದವರಿಗೆ ಜೋಳದ ನುಚ್ಚು ಮಜ್ಜಿಗೆ ಸಾಕು. 2020ರ ಮೇ ತಿಂಗಳಲ್ಲಿ, ಕೊರೋನಾ ಕಾಲದಲ್ಲಿ, ಮುಂಬೈ, ಪುಣೆಗಳಿಂದ ಮರಳಿದ ಕೂಲಿಕಾರರನ್ನು ಶಾಲೆಗಳಲ್ಲಿ ಇರಿಸಿದ್ದಾಗ ರಂಜಾನ್ ನಡೆದಿತ್ತು. ರೋಜಾ ಹಿಡಿದವರಿಗೆ ನಸುಕಿನ ಊಟ ಬೇಕೆಂಬುದು ನಮಗೆ ಹೊಳೆದಿರಲಿಲ್ಲ. ಅವರ ಜೊತೆ ಬಂದಿದ್ದ ಲಂಬಾಣಿ ತಾಂಡಾದ ಹೆಂಗಸರೇ ನಾಲ್ಕು ಗಂಟೆಗೆ ಎದ್ದು ಒಲೆ ಹಚ್ಚಿದರು.

ಕಾಳಜಿ ಕೇಂದ್ರದಲ್ಲಿ ಒಂಬತ್ತು ದಿನ ಇದ್ದ ಒಬ್ಬರು:

ಅಣ್ಣಂದಿರೇ, ನಾನು ಬಡಿಸಿದವನಲ್ಲ, ತಾಟು ಹಿಡಿದು ನಿಂತವನು. ಎರಡು ಮಾತುಗಳನ್ನು ಕೇಳಿಸಿಕೊಳ್ಳಿ. ಊಟ ಕೊಡುವಾಗ ಫೋಟೋ ತೆಗೆಯಬೇಡಿ. ನನ್ನ ಮಗಳು ಆಗ ಏಳನೆಯ ತರಗತಿಯಲ್ಲಿದ್ದಳು; ಮೊಬೈಲು ಹಿಡಿದವರು ಬಂದರೆಂದರೆ ಆಕೆ ಸಾಲು ಬಿಟ್ಟು ಒಳಗೆ ಹೋಗಿಬಿಡುತ್ತಿದ್ದಳು, ಅವರು ಹೋದ ಮೇಲೆ ಅವಳ ಪಾಲಿನದು ಆರಿರುತ್ತಿತ್ತು.

ಎರಡನೆಯದು, ನೀರು ಇಳಿದ ದಿನವೇ ನಿಮ್ಮ ಒಲೆಯನ್ನು ಆರಿಸಬೇಡಿ. ನಾವು ಮನೆಗೆ ಮರಳಿದಾಗ ಹಗೇವಿನ (ನೆಲದೊಳಗಿನ ಕಣಜದ) ಜೋಳ ಮೊಳೆತು ನಾರುತ್ತಿತ್ತು, ಒಲೆಯ ತುಂಬ ಕೆಸರಿತ್ತು, ಗಿರಣಿಗೆ ಕರೆಂಟು ಬಂದಿರಲಿಲ್ಲ. ನಮಗೆ ಅತ್ಯಂತ ಕಷ್ಟವಾದದ್ದು ಆ ವಾರವೇ. ಹೋಗುವವರ ಕೈಯಲ್ಲಿ ಮನೆಗೆ ಐದು ಕಿಲೋ ಬೀಸಿದ ಹಿಟ್ಟು, ಒಂದು ಕಿಲೋ ಬೇಳೆ, ಬೆಂಕಿಪೊಟ್ಟಣ ಮತ್ತು ಒಂದು ಹೊರೆ ಒಣ ಕಟ್ಟಿಗೆಯನ್ನು ಕೊಟ್ಟು ಕಳುಹಿಸಿ.