ಮುತ್ಯಾನ ಊಟದ ಬೋಗಿಗೆ ನೀಲಿ ಬಣ್ಣ ಬೇಡ

ಗುಂಪು: ವಾಡಿ ಮನೆ ಮಂದಿ
ಭಾನುವಾರ

ಬೆಂಗಳೂರು ಅಣ್ಣ: (ಫೋಟೊ) ಮುತ್ಯಾನ ಕಪಾಟಿನಿಂದ ತಂದ ರೈಲು ಬೋಗಿ ಇದೇ. ಬಣ್ಣ ಎಷ್ಟು ಮಂಕಾಗಿದೆ ನೋಡಿ. ಒಂದು ಚಕ್ರ ಸಡಿಲ. ಇಲ್ಲಿ ಮಾಡೆಲ್ ರೈಲು ರಿಪೇರಿ ಮಾಡುವವರು ಒಬ್ಬರಿದ್ದಾರೆ. ನೀಲಿ ಬಣ್ಣ ಹೊಡೆಸಿ, ಬಂಗಾರದ ಗೆರೆ ಎಳೆಸುತ್ತೇನೆ. ಯುರೋಪಿನ ಆ ಐಷಾರಾಮಿ ರೈಲು ಓರಿಯಂಟ್ ಎಕ್ಸ್‌ಪ್ರೆಸ್ ಇರುವುದು ಹಾಗೇ ಅಲ್ವಾ? ಪುಟ್ಟನ ಹುಟ್ಟುಹಬ್ಬದ ಹೊತ್ತಿಗೆ ಓಡಬೇಕು.

ಪುಣೆ ಅತ್ತಿ: ಅಯ್ಯ, ಇದು ಇನ್ನೂ ಇದೆಯಾ! ನಮ್ಮನ್ನು ಮುಟ್ಟಗೊಡುತ್ತಿರಲಿಲ್ಲ ಅಪ್ಪ.

ನಾನು: ಅಣ್ಣಾ, ಬಣ್ಣ ಹೊಡೆಸಬೇಡ. ಮೊದಲು ಪಕ್ಕದಲ್ಲಿರುವ ನಂಬರ್ ಓದು.

ಬೆಂಗಳೂರು ಅಣ್ಣ: 2419. ಅದಕ್ಕೇನು?

ನಾನು: ಮೊದಲನೇ ಮಹಾಯುದ್ಧ ನಿಲ್ಲಿಸಲು ಸಹಿ ಬಿದ್ದದ್ದು ಆ ನಂಬರಿನ ಬೋಗಿಯಲ್ಲಿ. 1918ರ ನವೆಂಬರ್ 11, ಬೆಳಗಿನ ಜಾವ 5ರ ಹೊತ್ತು. ಫ್ರಾನ್ಸಿನ ಕಂಪ್ಯೇನ್ ಊರಿನ ಹತ್ತಿರ, ಕಾಡಿನೊಳಗೆ ಹಳಿಯ ಮೇಲೆ ನಿಲ್ಲಿಸಿದ್ದರು. ಜರ್ಮನಿಯವರು ಒಳಗೆ ಬಂದು ಸಹಿ ಹಾಕಿದರು. 11 ಗಂಟೆಗೆ ಗುಂಡಿನ ಸದ್ದು ನಿಂತಿತು.
ಅದು ಸೈನ್ಯಕ್ಕೆಂದು ಕಟ್ಟಿದ ಬೋಗಿ ಅಲ್ಲ. 1914ರಲ್ಲಿ ಪ್ಯಾರಿಸ್ ಪಕ್ಕದ ಸೇಂಟ್ ಡೆನಿಸ್‌ನಲ್ಲಿ ಕಟ್ಟಿದ ಊಟದ ಬೋಗಿ. ವ್ಯಾಗನ್ಸ್ ಲೀ ಕಂಪನಿಯದು. ಓರಿಯಂಟ್ ಎಕ್ಸ್‌ಪ್ರೆಸ್ ಓಡಿಸಿದವರೂ ಅವರೇ. ಫ್ರಾನ್ಸಿನ ಸೇನಾಪತಿ ಫೋಶ್‌ಗೆ ಓಡಾಡುವ ಕಚೇರಿ ಬೇಕಾಗಿತ್ತು. ಹಾಗಾಗಿ ಜನ ಉಣ್ಣುತ್ತಿದ್ದ ಬೋಗಿ ಕಚೇರಿಯಾಯಿತು.

ನಾನು: ಈಗ ಬಣ್ಣದ ಮಾತು. ಆಗ ಆ ಕಂಪನಿಯ ಬೋಗಿಗಳ ಮೈ ಸಾಗವಾನಿ ಹಲಗೆಯದು, ಮೇಲೆ ವಾರ್ನಿಷ್. ನೀಲಿ ಬಂದದ್ದು 1922ರಲ್ಲಿ, ಉಕ್ಕಿನ ಬೋಗಿಗಳ ಜೊತೆ. ನೀನು ಮಂಕು ಅನ್ನುತ್ತಿರುವ ಕಂದು ಬಣ್ಣವೇ ಅದರ ನಿಜವಾದ ಬಣ್ಣ. ಫೋಟೊ ದೊಡ್ಡದು ಮಾಡಿ ನೋಡು, ಹಲಗೆ ಹಲಗೆ ನಡುವಿನ ಗೆರೆಯನ್ನೂ ಮೂಡಿಸಿದ್ದಾರೆ. ಕೂದಲೆಳೆಯಷ್ಟು ಸಣ್ಣ ಗೆರೆ. ಹೊಸ ಬಣ್ಣ ಬಿದ್ದರೆ ಮೊದಲು ಮುಚ್ಚಿಹೋಗುವುದೇ ಅದು.

ಶಹಾಬಾದ್ ಕಾಕಾ: ತಂಗಿ, ಬೋಗಿ ಅಂದರೆ ಕೆಳಗಿನ ಚಕ್ರದ ಚೌಕಟ್ಟು. ಮೇಲಿನದು ಕೋಚ್. ಮೂವತ್ತು ವರ್ಷ ರೈಲ್ವೆಯಲ್ಲಿ ದುಡಿದವನು ಹೇಳುತ್ತಿದ್ದೇನೆ.

ನಾನು: ಸರಿ ಕಾಕಾ, ಕೋಚ್. ಆದರೆ ಮುತ್ಯಾ ಬೋಗಿ ಅನ್ನುತ್ತಿದ್ದ, ನನಗೂ ಅದೇ ಬರುತ್ತದೆ.

ಶಹಾಬಾದ್ ಕಾಕಾ: ಇಷ್ಟು ದೊಡ್ಡ ಕಥೆ ಇದ್ದರೆ ಸಂಗ್ರಹ ಮಾಡುವವರಿಗೆ ಮಾರೋಣ. ಕಪಾಟಿನಲ್ಲಿ ಇಟ್ಟು ಏನು ಮಾಡುವುದು?

ನಾನು: ಅವರೂ ಮೊದಲು ಕೇಳುವುದು ಮೂಲ ಬಣ್ಣ ಇದೆಯಾ, ಮೂಲ ಡಬ್ಬ ಇದೆಯಾ ಅಂತಲೇ. ಬಣ್ಣ ಬಳಿದ ಮಾಡೆಲ್‌ಗೆ ಬೆಲೆ ಇಳಿಯುತ್ತದೆ. ಆದರೆ ನಾನು ಬೆಲೆಗಾಗಿ ಜಗಳ ಮಾಡುತ್ತಿಲ್ಲ. ಇದನ್ನು ಮಾರಬಾರದು ಕಾಕಾ.

ಬೆಂಗಳೂರು ಅಣ್ಣ: ನಾನೂ ಈಗ ಓದಿದೆ. ನೀನು ಅರ್ಧ ಕಥೆ ಹೇಳಿದ್ದೀಯ. 1940ರ ಜೂನ್ 22ರಂದು ಹಿಟ್ಲರ್ ಕಡೆಯವರು ಅದೇ ಕಾಡಿನಲ್ಲಿ, ಅದೇ ಬೋಗಿಯಲ್ಲಿ ಸೋತ ಫ್ರಾನ್ಸಿನವರಿಂದ ಸಹಿ ಹಾಕಿಸಿಕೊಂಡರು. ಬೋಗಿಯನ್ನು ಹೊರಗೆ ತರಲು ಅದನ್ನು ಇಟ್ಟಿದ್ದ ಮ್ಯೂಸಿಯಂನ ಗೋಡೆಯನ್ನೇ ಒಡೆದಿದ್ದರು. ಆಮೇಲೆ ಬರ್ಲಿನ್‌ಗೆ ಒಯ್ದು ಜನರಿಗೆ ತೋರಿಸಿದರು. 1945ರಲ್ಲಿ ಅದು ಜರ್ಮನಿಯಲ್ಲೇ ಸುಟ್ಟುಹೋಯಿತು. ಈಗ ಮ್ಯೂಸಿಯಂನಲ್ಲಿ ಇರುವುದು 2439 ನಂಬರಿನ ಬೇರೆ ಬೋಗಿ. ಅದಕ್ಕೆ 2419 ಅಂತ ನಂಬರ್ ಬದಲಿಸಿ 1950ರಲ್ಲಿ ಇಟ್ಟರು. ಫ್ರಾನ್ಸಿನವರು ನಂಬರನ್ನೇ ಬದಲಿಸಿದ್ದಾರೆ. ನಾನು ಬಣ್ಣ ಬದಲಿಸಿದರೆ ತಪ್ಪಾ?

ವಾಡಿ ತಂಗಿ: ಅಣ್ಣ ಹೇಳುವುದರಲ್ಲೂ ಅರ್ಥ ಇದೆ ಅಕ್ಕಾ.

ನಾನು: ಇದೆ, ಇಲ್ಲ ಅನ್ನುವುದಿಲ್ಲ. ಎರಡು ಮೂರು ಸಲ ಓದಿದೆ. ಆದರೆ ಅವರದು ಬೂದಿಯಾಗಿತ್ತು, ಬೇರೆ ದಾರಿ ಇರಲಿಲ್ಲ. ಆಗಲೂ ಸಿಕ್ಕಿದ್ದನ್ನು ತಂದು ಇಡಲಿಲ್ಲ. ಅದೇ ಕಂಪನಿಯ, ಅದೇ ಕಾಲದ, ಅದೇ ಮಾದರಿಯ ಬೋಗಿಯನ್ನೇ ಹುಡುಕಿ ತಂದರು. ಹೋದದ್ದು ಹೇಗಿತ್ತೋ ಹಾಗೇ ಕಾಣಬೇಕು ಅಂತ. ನಮ್ಮದು ನಮ್ಮ ಕೈಯಲ್ಲೇ ಇದೆ ಅಣ್ಣಾ. ಇರುವುದನ್ನು ನಾವೇ ಯಾಕೆ ಬೇರೆ ಮಾಡಬೇಕು?

ಪುಣೆ ಅತ್ತಿ: ಒಂದು ನೆನಪಾಯಿತು. ಅಪ್ಪ ಪುಣೆಗೆ ಬಂದಾಗ ಡೆಕ್ಕನ್ ಕ್ವೀನ್‌ನಲ್ಲಿ ಮುಂಬೈಗೆ ಕರೆದುಕೊಂಡು ಹೋಗಿದ್ದೆ. 1930ರಿಂದ ಓಡುತ್ತಿರುವ ಗಾಡಿ, ಅದರಲ್ಲಿ ಈಗಲೂ ಡೈನಿಂಗ್ ಕಾರ್ ಇದೆ. ಈಗಿನ ಮಕ್ಕಳಿಗೆ ಪ್ಯಾಂಟ್ರಿ ಕಾರ್ ಗೊತ್ತು, ಗಾಡಿಯಲ್ಲಿ ಮೇಜಿನ ಮುಂದೆ ಕೂತು ತಿನ್ನುವುದು ಗೊತ್ತಿಲ್ಲ. ಚೀಸ್ ಟೋಸ್ಟ್, ಚಹಾ ತರಿಸಿದೆ. ಅಪ್ಪ ತಿನ್ನಲಿಲ್ಲ. ಚಹಾ ತುಳುಕದೆ ಹೇಗೆ ತರುತ್ತಾರೆ ಅಂತ ಬಡಿಸುವವನ ಕಾಲನ್ನೇ ನೋಡುತ್ತಿದ್ದರು. ಕಾಲು ಅಗಲಿಸಿ ನಿಲ್ಲುತ್ತಾನೆ ನೋಡು ಅಂದರು.

ಶಹಾಬಾದ್ ಕಾಕಾ: ಅಪ್ಪನ ಜೀವವೇ ಅದರಲ್ಲಿತ್ತು. ನಿಜಾಮರ ರೈಲು ವಾಡಿಗೆ ಬಂದದ್ದು 1874ರಲ್ಲಿ. ಬೊಂಬಾಯಿ ಕಡೆಯ ಗಾಡಿ ಇಳಿದವರು ಇಲ್ಲಿ ಹೈದರಾಬಾದ್ ಗಾಡಿ ಹತ್ತುತ್ತಿದ್ದರು. ನಡುವೆ ಹೊಟ್ಟೆಗೆ ಬೇಕಲ್ಲ? ಅಪ್ಪ ಸ್ಟೇಷನ್ನಿನಲ್ಲಿ ಊಟ ಬಡಿಸುತ್ತಿದ್ದ ಕಾಲದಲ್ಲೂ ಹಾಗೇ. ಗಾಡಿ ನಿಂತ ಹೊತ್ತಿನಲ್ಲಿ ಅಷ್ಟೂ ಮಂದಿಗೆ ಅನ್ನ, ಸಾರು ಬಡಿಸಿ ಮುಗಿಸಬೇಕಿತ್ತು. ಊಟದ ಬೋಗಿ ಇಲ್ಲದ ಗಾಡಿಗಳಿಗೆ ವಾಡಿ ಸ್ಟೇಷನ್ನೇ ಊಟದ ಬೋಗಿ.

ನಾನು: ಕಾಕಾ, ನೀವೂ ಬೋಗಿ ಅಂದಿರಿ 🙂

ಬೆಂಗಳೂರು ಅಣ್ಣ: ಎಲ್ಲಾ ಸರಿ. ಪುಟ್ಟ ಆಡುವುದು ಬೇಡವಾ? ಆಟಿಕೆ ಇರುವುದು ಆಡಲಿಕ್ಕೆ.

ನಾನು: ಆಡಲಿ, ನಿಧಾನವಾಗಿ ಆಡಲಿ. ಗೇಣು ಇಟ್ಟು ಅಳೆಯಲು ಹೇಳು. ಸರಿಯಾಗಿ ಒಂದು ಗೇಣು, 23 ಸೆಂಟಿಮೀಟರ್. 87ರಿಂದ ಗುಣಿಸಲಿ, 20 ಮೀಟರ್ ಬರುತ್ತದೆ. ನಿಜವಾದ ಬೋಗಿಯ 87ರಲ್ಲಿ ಒಂದು ಪಾಲು ಇದು. ಎರಡು ಹಳಿಗಳ ನಡುವಿನ ಅಂತರವೂ ಹಾಗೇ, 16.5 ಮಿಲಿಮೀಟರ್. ಚಕ್ರ ಸರಿ ಮಾಡಿಸು, ಅದಕ್ಕೆ ನನ್ನ ತಕರಾರಿಲ್ಲ. ಚಕ್ರ ಸವೆಯುವುದು, ಬದಲಿಸುವುದು ರೈಲಿನಲ್ಲೂ ಇದ್ದದ್ದೇ. ಬಣ್ಣ ಮಾತ್ರ ಮುಟ್ಟಬೇಡ.

ಬೆಂಗಳೂರು ಅಣ್ಣ: ಬಣ್ಣ ಬಳಿಯಲು ಮೇಲ್ಛಾವಣಿ ಬಿಚ್ಚಿ, ಒಳಗಿನ ಮೇಜು ದೀಪ ಎಲ್ಲಾ ತೆಗೆದು ಹೊಸದು ಕೂರಿಸುತ್ತಾರಂತೆ. ಮುಂಗಡವನ್ನೂ ಕೊಟ್ಟಾಗಿದೆ.

ವಾಡಿ ತಂಗಿ: ಆಯಿಗೆ ಎಲ್ಲಾ ಓದಿ ಹೇಳಿದೆ. ಧ್ವನಿ ಸಂದೇಶ ಕಳಿಸಿದ್ದಾಳೆ. ಫ್ಯಾನಿನ ಸದ್ದಿಗೆ ಸರಿಯಾಗಿ ಕೇಳಿಸುತ್ತಿಲ್ಲ, ಬರೆಯುತ್ತೇನೆ:
"ಕಾರ್ಖಾನೆಗೆ ಯಂತ್ರ ಕೂರಿಸಲು ಫ್ರಾನ್ಸಿನವನೊಬ್ಬ ಬಂದಿದ್ದ. ನಮ್ಮ ಖಾರ ಅವನಿಗೆ ಆಗಲಿಲ್ಲ, ಹೊಟ್ಟೆ ಕೆಟ್ಟು ಮಲಗಿದ. ಇವರು ಹದಿನೈದು ದಿನ ಮೆಣಸಿನಕಾಯಿ ಹಾಕದೆ ಬೇಳೆ ಖಿಚಡಿ ಮಾಡಿ ಡಬ್ಬಿಯಲ್ಲಿ ಒಯ್ದು ಕೊಟ್ಟರು. ಹೋಗುವಾಗ ದುಡ್ಡು ಕೊಡಲು ಬಂದ, ಇವರು ತೆಗೆದುಕೊಳ್ಳಲಿಲ್ಲ. ಮುಂದಿನ ವರ್ಷ ಬಂದಾಗ ಇದನ್ನು ತಂದ. ಒಂದು ಸಲ ನಾನು ಕಪಾಟು ಒರೆಸುವಾಗ ಕೆಳಗೆ ಬಿತ್ತು. ಒಳಗಿನ ಒಂದು ದೀಪ ಕಳೆದುಹೋಯಿತು. ಇವರು ಬಯ್ಯಲಿಲ್ಲ. ಬೆಂಕಿಕಡ್ಡಿಯ ತಲೆ ಕತ್ತರಿಸಿ ಅಲ್ಲಿ ಅಂಟಿಸಿದರು. ಈಗ ಎಲ್ಲ ಮೇಜಿಗೂ ದೀಪ ಇದೆ ಅಂದರು. ಅದನ್ನು ತೆಗೆಯಬೇಡಿ."

ಪುಣೆ ಅತ್ತಿ: ಅವ್ವ ಇದನ್ನು ಎಂದೂ ಹೇಳಿರಲಿಲ್ಲ.

ನಾನು: ಅಣ್ಣಾ, ಬೋಗಿ ಎಲ್ಲಿದೆ? ಅಂಗಡಿಗೆ ಕೊಟ್ಟುಬಿಟ್ಟೆಯಾ?

(ಇಪ್ಪತ್ತು ನಿಮಿಷ ಯಾರೂ ಏನೂ ಬರೆಯಲಿಲ್ಲ)

ಬೆಂಗಳೂರು ಅಣ್ಣ: ಇಲ್ಲ, ಮನೆಯಲ್ಲೇ ಇದೆ. ನಾಳೆ ಒಯ್ಯುವವನಿದ್ದೆ.

ಬೆಂಗಳೂರು ಅಣ್ಣ: (ಫೋಟೊ) ಟಾರ್ಚ್ ಹಾಕಿ ಹುಡುಕಿದೆವು. ಮೂರನೇ ಕಿಟಕಿ. ಮಿಕ್ಕ ದೀಪ ಎಲ್ಲಾ ಹಳದಿ, ಇದೊಂದೇ ಕೆಂಪು. ಕೆಳಗೆ ಕಡ್ಡಿಯ ತುಂಡು ಅಕ್ಕಿ ಕಾಳಿನಷ್ಟು ಕಾಣುತ್ತದೆ. ಪುಟ್ಟನೇ ಮೊದಲು ನೋಡಿದ.

ಬೆಂಗಳೂರು ಅಣ್ಣ: ರಿಪೇರಿಯವರಿಗೆ ಫೋನ್ ಮಾಡಿದೆ. ಚಕ್ರ ಮಾತ್ರ, ಮೇಲ್ಛಾವಣಿ ಬಿಚ್ಚುವುದು ಬೇಡ ಅಂದೆ. ನಾನೇ ಪಕ್ಕದಲ್ಲಿ ಕೂತು ಮಾಡಿಸಿಕೊಂಡು ಬರುತ್ತೇನೆ.

ಶಹಾಬಾದ್ ಕಾಕಾ: ಮಾರುವ ಮಾತು ನಾನು ಹಿಂದಕ್ಕೆ ತೆಗೆದುಕೊಂಡೆ. ದೀಪಾವಳಿಗೆ ಬರುವಾಗ ತಾ. ಆಯಿಯ ಕೋಣೆಯಲ್ಲಿ ಇಡಲು ಗಾಜಿನ ಪೆಟ್ಟಿಗೆ ಮಾಡಿಸುತ್ತೇನೆ. ಉದ್ದ ಒಂದು ಗೇಣು ಅಂದೆಯಲ್ಲ ತಂಗಿ?

ನಾನು: ಗೇಣಿನ ಮೇಲೆ ನಾಲ್ಕು ಬೆರಳು ಜಾಸ್ತಿ ಬಿಡಿ ಕಾಕಾ. ಎರಡೂ ತುದಿಯ ಕಪ್ಲಿಂಗ್ ಗಾಜಿಗೆ ತಾಗಬಾರದು. ಮೂರನೇ ಕಿಟಕಿ ಇರುವ ಬದಿ ಆಯಿಯ ಮಂಚದ ಕಡೆಗೆ ಬರಲಿ.