ಅಪ್‌ಡೇಟ್: ಖಾಲಿ ಫೋಟೋ ನಿಂತಿತು, ಬರ್ಕ ಬಂತು!

ಮೂಡಿಗೆರೆ ಕಡೆಯ ನಮ್ಮ ಕಾಫಿ ತೋಟದಲ್ಲಿ ಕಟ್ಟಿದ, ಪ್ರಾಣಿ ಎದುರಿಗೆ ಬಂದರೆ ತಾನೇ ಫೋಟೋ ತೆಗೆಯುವ ಟ್ರೇಲ್ ಕ್ಯಾಮೆರಾ ಬರೀ ಖಾಲಿ ಫೋಟೋ ತೆಗೆಯುತ್ತಿದೆ ಅಂತ ಕೇಳಿದ್ದೆನಲ್ಲ, ಅದು ಸರಿಹೋಯಿತು. ಕ್ಯಾಮೆರಾ ಕೆಟ್ಟಿರಲಿಲ್ಲ. ಇದರ ಸೆನ್ಸರ್ ಬರೀ ಅಲುಗಾಟ ನೋಡುವುದಿಲ್ಲ, ಸುತ್ತಲಿಗಿಂತ ಬೇರೆ ಬಿಸಿ ಇರುವುದು ಅಲುಗಾಡಿದರೆ ಹಿಡಿಯುತ್ತದೆ, ಹಾಗಾಗಿ ಸಂಜೆ ಬಿಸಿಲಿಗೆ ಕಾದ ಎಲೆ ಗಾಳಿಗೆ ಆಡಿದರೂ ಸಾಕು, ಕ್ಲಿಕ್. ನೀವು ಹೇಳಿದ ಹಾಗೆ ಪಶ್ಚಿಮದಿಂದ ಉತ್ತರಕ್ಕೆ ತಿರುಗಿಸಿ, ಎದುರಿನ ಪೊದೆ ಸವರಿ, ಮೊಣಕಾಲೆತ್ತರಕ್ಕೆ ಇಳಿಸಿದೆ. ದಾರಿಗೆ ಓರೆಯಾಗಿ ಇಟ್ಟ ಮೇಲೆ ಬರೀ ಬಾಲ ಸಿಗುವುದೂ ನಿಂತಿತು.

ಈಗ ಕಾಡುಕುರಿ, ಮುಳ್ಳುಹಂದಿ, ಪುನುಗು ಬೆಕ್ಕು ಎಲ್ಲಾ ಬರುತ್ತಿವೆ. ಬರ್ಕ ಕೂಡ, ಅದೇ ಮೊಲದಷ್ಟೇ ಇರುವ ಪುಟ್ಟ ಜಿಂಕೆಯಂಥ ಪ್ರಾಣಿ! ಮನೆಯಲ್ಲಿ ಅದನ್ನು ಮೊಲ ಅಂದರು, ಇರಲಿ ಬಿಡಿ.

ಫ್ಲ್ಯಾಶ್ ಬಗ್ಗೆ ಕೇಳಿದವರಿಗೆ: ನನ್ನದು ಇನ್ಫ್ರಾರೆಡ್ (ಅತಿಗೆಂಪು) ಬೆಳಕಿನದು, ಅಲೆಯುದ್ದ 850 ನ್ಯಾನೊಮೀಟರ್‌ನದ್ದು, ಮಂಕಾಗಿ ಕೆಂಪು ಕಾಣುತ್ತದೆ. 940ರದ್ದು ಕಣ್ಣಿಗೆ ಕಾಣುವುದಿಲ್ಲ, ಆದರೆ ಅಷ್ಟು ದೂರ ಬೆಳಕು ಹೋಗುವುದಿಲ್ಲ. ತೋಟಕ್ಕೆ 850 ಸಾಕು ಅನಿಸಿತು, ಆದರೆ ಜನ ಓಡಾಡುವ ಕಡೆ ಕಳ್ಳರ ಕಣ್ಣಿಗೂ ಬೀಳುತ್ತೆ ಅಲ್ವಾ.

ಬೇಲಿಯಾಚೆ ಕಾಡಿನಲ್ಲೂ ಒಂದು ಕಟ್ಟಿ ಅಂದವರೇ, ಅದಕ್ಕೆ ಅರಣ್ಯ ಇಲಾಖೆ ಅನುಮತಿ ಬೇಕು. ನಾನು ತೋಟದೊಳಗೇ ಇರುತ್ತೇನೆ.